ಸಿಡ್ನಿಯಿಂದ ಮೆಲ್ಬರ್ನ್‌ಗೆ ಕರಾವಳಿ ದಾರಿ, 12 ರಾತ್ರಿ ಟೆಂಟು: ಈ ಪ್ಲ್ಯಾನ್ ನಡೆಯುತ್ತಾ?

ಕಡಲದಾರಿ:
ಮಾರ್ಚ್ ಮೊದಲ ವಾರ ಹೊರಡುವವರು, ಗಂಡ ಹೆಂಡತಿ ಇಬ್ಬರೇ. ಬಾಡಿಗೆಯ ಸಣ್ಣ ಹ್ಯಾಚ್‌ಬ್ಯಾಕ್, ಇಬ್ಬರ ಟೆಂಟು, ಒಂದು ಬ್ಯೂಟೇನ್ ಒಲೆ. ಒಳನಾಡಿನ ಹ್ಯೂಮ್ ಹೆದ್ದಾರಿ ಬೇಡ, ಪ್ರಿನ್ಸಸ್ ಹೆದ್ದಾರಿಯಲ್ಲೇ ಕಡಲು ಹಿಡಿದು ಹೋಗಬೇಕು. ಈಗಿರುವ ಪಟ್ಟಿ, ಒಂದೊಂದು ರಾತ್ರಿಯಂತೆ: ಜರ್ವಿಸ್ ಬೇ, ಬೇಟ್‌ಮನ್ಸ್ ಬೇ, ನರೂಮಾ, ಮೆರಿಂಬುಲಾ, ಮಲ್ಲಕೂಟಾ, ಲೇಕ್ಸ್ ಎಂಟ್ರೆನ್ಸ್, ವಿಲ್ಸನ್ಸ್ ಪ್ರಾಮಂಟರಿ, ಫಿಲಿಪ್ ಐಲ್ಯಾಂಡ್, ಟಾರ್ಕಿ, ಅಪೊಲೊ ಬೇ, ಪೋರ್ಟ್ ಕ್ಯಾಂಪ್‌ಬೆಲ್, ಕೊನೆಗೆ ಮೆಲ್ಬರ್ನ್.

ಕೇಳಬೇಕಾದ್ದು ಇಷ್ಟು. ಪಟ್ಟಿ ಅತಿಯಾಯಿತೇ? ಜಾಗಗಳನ್ನು ಮೊದಲೇ ಬುಕ್ ಮಾಡಬೇಕೇ, ಹೋದಲ್ಲಿ ಸಿಗುತ್ತವೆಯೇ? ಐಸ್ ಬಾಕ್ಸ್ ಸಾಕೇ, 12 ವೋಲ್ಟ್ ಫ್ರಿಜ್ ಬೇಕೇ? ಹಾವು, ಕಾಡ್ಗಿಚ್ಚು, ಉಣ್ಣಿ ಇವುಗಳಲ್ಲಿ ನಿಜಕ್ಕೂ ಯಾವುದಕ್ಕೆ ಹೆದರಬೇಕು?

ನೀಲಗಿರಿ_ನೆರಳು:
ಅತಿಯಾಯಿತು. ಒಂದೊಂದೇ ರಾತ್ರಿ ಅಂದರೆ ಪ್ರತಿ ಬೆಳಿಗ್ಗೆ ಒದ್ದೆ ಟೆಂಟು ಮಡಚುವುದು, ಪ್ರತಿ ಸಂಜೆ ಅದನ್ನೇ ಕಟ್ಟುವುದು. ಕಟ್ಟಲು ಮುಕ್ಕಾಲು ಗಂಟೆ, ಬಿಚ್ಚಿ ಕಾರಿಗೆ ತುಂಬಲು ಒಂದು ಗಂಟೆ. ಹನ್ನೆರಡು ದಿನ ಹೀಗೇ ಆದರೆ ಕಡಲನ್ನು ಕಾರಿನ ಕಿಟಕಿಯಿಂದಲೇ ನೋಡಿದಂತಾಗುತ್ತದೆ.

ಮೊದಲು ಗ್ರೇಟ್ ಓಷನ್ ರೋಡ್ ಕೈಬಿಡಿ. ರಸ್ತೆ ಚಂದ, ಸಂಶಯವಿಲ್ಲ. ಟಾರ್ಕಿಯಿಂದ ಆಲನ್ಸ್‌ಫರ್ಡ್‌ವರೆಗೆ 243 ಕಿ.ಮೀ., 1919ರಿಂದ 1932ರವರೆಗೆ ಯುದ್ಧದಿಂದ ಮರಳಿದ ಸೈನಿಕರು ಕಡಿದು ಕಟ್ಟಿದ ದಾರಿ. ಆದರೆ ಅದು ಮೆಲ್ಬರ್ನ್‌ನ ಆಚೆ ಬದಿಗಿದೆ. ನಗರ ದಾಟಿ ಹೋಗಿ ಮತ್ತೆ ಹಿಂತಿರುಗಬೇಕು, ಅದಕ್ಕೇ ನಾಲ್ಕು ದಿನ ಬೇಕು. ಮುಂದೆಂದಾದರೂ ಮೆಲ್ಬರ್ನ್‌ನಿಂದ ಪ್ರತ್ಯೇಕವಾಗಿ ಮಾಡಬಹುದು. ಈಡನ್‌ನಿಂದ ಕೇಪ್ ಕಾನ್ರನ್‌ವರೆಗಿನ ದಾರಿಗೆ ಮಾತ್ರ ಮತ್ತೆ ಬರುವುದು ಕಷ್ಟ, ಎರಡೂ ನಗರಗಳಿಂದ ದೂರ. ಉಳಿಸಿದ ದಿನಗಳನ್ನು ಅಲ್ಲಿ ಹಾಕಿ.

ಸಿಡ್ನಿಯಿಂದ ಮೆಲ್ಬರ್ನ್‌ಗೆ ಈ ದಾರಿ ಸುಮಾರು 1,040 ಕಿ.ಮೀ. ಒಳಗೆ ಹೊರಗೆ ತಿರುಗಿದ್ದೆಲ್ಲ ಸೇರಿ 1,500 ಅಂತ ಲೆಕ್ಕ ಇಟ್ಟುಕೊಳ್ಳಿ. ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತಿರುವುದು ಒಳ್ಳೆಯದೇ. ಅಲ್ಲಿ ಗಾಡಿ ಎಡಬದಿಯಲ್ಲಿ ಓಡುತ್ತದೆ, ಕಡಲೂ ಎಡಕ್ಕೇ ಇರುತ್ತದೆ. ನೋಡಬೇಕೆನಿಸಿದಲ್ಲಿ ಎದುರು ಸಾಲು ದಾಟದೆ ಪಕ್ಕಕ್ಕೆ ಹಾಕಬಹುದು.

ನಾನು ಹಾಕುವುದಾದರೆ ಹೀಗೆ: ಜರ್ವಿಸ್ ಬೇಯ ಬೂಡೆರಿ ರಾಷ್ಟ್ರೀಯ ಉದ್ಯಾನದಲ್ಲಿ ಗ್ರೀನ್ ಪ್ಯಾಚ್ 2 ರಾತ್ರಿ. ಮುರಮರಾಂಗ್ ರಾಷ್ಟ್ರೀಯ ಉದ್ಯಾನದ ಪ್ರೆಟಿ ಬೀಚ್ 1. ನರೂಮಾ ದಾಟಿ ಸಿಗುವ ಮಿಸ್ಟರಿ ಬೇ 2. ಈಡನ್ ಸುತ್ತಮುತ್ತ 1. ಮಲ್ಲಕೂಟಾ 2. ಕೇಪ್ ಕಾನ್ರನ್ 1. ವಿಲ್ಸನ್ಸ್ ಪ್ರಾಮಂಟರಿಯ ಟೈಡಲ್ ರಿವರ್ 2. ಕೊನೆಯ ರಾತ್ರಿ ಮೆಲ್ಬರ್ನ್‌ನಲ್ಲಿ ರೂಮು, ಟೆಂಟು ಒಣಗಿಸಲು. ಪೂರ್ತಿ 12.

ಬೂಡೆರಿ ನ್ಯೂ ಸೌತ್ ವೇಲ್ಸ್‌ನ ಉದ್ಯಾನವಲ್ಲ, ಜರ್ವಿಸ್ ಬೇ ಟೆರಿಟರಿಗೆ ಸೇರಿದ್ದು. ನ್ಯೂ ಸೌತ್ ವೇಲ್ಸ್‌ನ ಪಾಸ್ ಅಲ್ಲಿ ನಡೆಯುವುದಿಲ್ಲ, ಪ್ರವೇಶಕ್ಕೆ ಬೇರೆ ದುಡ್ಡು. ಹಳೆಯ ನಕ್ಷೆಯಲ್ಲಿ ಈಡನ್ ಹತ್ತಿರ ಬೆನ್ ಬಾಯ್ಡ್ ರಾಷ್ಟ್ರೀಯ ಉದ್ಯಾನ ಅಂತ ಕಂಡರೆ ಅದೇ ಈಗಿನ ಬಿಯೋವಾ, 2022ರಲ್ಲಿ ಹೆಸರು ಬದಲಾಯಿತು.

ಜಲ್ಲಿರಸ್ತೆ:
ರಸ್ತೆ, ಬಾಡಿಗೆ ಕಾರು, ಬುಕಿಂಗ್ ಬಗ್ಗೆ ನಾನು ಹೇಳುತ್ತೇನೆ.

ಬಾಡಿಗೆ ಕರಾರಿನಲ್ಲಿ ಎರಡು ಸಾಲು ಹುಡುಕಿ ಓದಿ. ಒಂದು, ಟಾರಿಲ್ಲದ ರಸ್ತೆ. ಸಾಮಾನ್ಯ ಕಾರುಗಳಿಗೆ ಬಹುತೇಕ ಕಡೆ ಅದು ನಿಷಿದ್ಧ, ಹೋಗಿ ಏನಾದರೂ ಆದರೆ ವಿಮೆ ಪೂರ್ತಿ ಕೈಕೊಡುತ್ತದೆ. ಕೆಲವು ಕ್ಯಾಂಪರ್‌ವ್ಯಾನ್ ಕಂಪನಿಗಳು ಕ್ಯಾಂಪ್‌ಗ್ರೌಂಡಿಗೆ ಹೋಗುವ ಒಳ್ಳೆಯ ಜಲ್ಲಿ ರಸ್ತೆಯಾದರೆ ಒಂದಿಷ್ಟು ದೂರ ಬಿಡುತ್ತವೆ. ನಿಮ್ಮ ಹ್ಯಾಚ್‌ಬ್ಯಾಕಿಗೆ ಆ ರಿಯಾಯಿತಿ ಇದೆ ಅಂತ ಸುಮ್ಮನೆ ಅಂದುಕೊಳ್ಳಬೇಡಿ, ಬರವಣಿಗೆಯಲ್ಲಿ ಕೇಳಿ. ಎರಡು, ಪ್ರಾಣಿಗೆ ಡಿಕ್ಕಿ ಮತ್ತು ರಾತ್ರಿ ಚಾಲನೆ. ಕೆಲವರು ಊರಿನ ಹೊರಗೆ ಕತ್ತಲಾದ ಮೇಲೆ ಆಗುವ ಪ್ರಾಣಿ ಡಿಕ್ಕಿಗೆ ದುಡ್ಡು ಕೊಡುವುದಿಲ್ಲ.

ಫೋಟೋದಲ್ಲಿ ಮನಸ್ಸು ಸೆಳೆಯುವ ಜಾಗಗಳು ಹೆಚ್ಚಿನವು ಜಲ್ಲಿ ರಸ್ತೆಯ ತುದಿಯಲ್ಲೇ ಇವೆ. ಮಿಮೋಸಾ ರಾಕ್ಸ್‌ನ ಅರಗುನ್ನು, ಬಿಯೋವಾದ ಬಿಟಂಗಾಬಿ ಮತ್ತು ಸಾಲ್ಟ್‌ವಾಟರ್ ಕ್ರೀಕ್, ಮುರಮರಾಂಗ್‌ನ ಪೆಬ್ಲಿ ಬೀಚ್ ಎಲ್ಲವೂ ಹೀಗೆ. ಮಲ್ಲಕೂಟಾ ಕಡೆಯ ಕ್ರೋಜಿಂಗೊಲಾಂಗ್ ರಾಷ್ಟ್ರೀಯ ಉದ್ಯಾನದ ವಿಂಗನ್ ಇನ್‌ಲೆಟ್‌ಗೆ ಹೆದ್ದಾರಿ ಬಿಟ್ಟು 30 ಕಿ.ಮೀ.ಗೂ ಹೆಚ್ಚು ಮಣ್ಣು, ಸಣ್ಣ ಕಾರಿನಲ್ಲಿ ಅದರ ಯೋಚನೆಯೇ ಬೇಡ. ಅದೇ ಗ್ರೀನ್ ಪ್ಯಾಚ್, ಮಲ್ಲಕೂಟಾ ಫೋರ್‌ಶೋರ್, ಕೇಪ್ ಕಾನ್ರನ್, ಟೈಡಲ್ ರಿವರ್‌ಗಳಿಗೆ ಟಾರು ರಸ್ತೆ ಇದೆ. ಹಾಗಾಗಿ ಈಡನ್‌ನ ಆ ಒಂದು ರಾತ್ರಿ ಊರಿನ ಹಾಲಿಡೇ ಪಾರ್ಕಿನಲ್ಲೇ ಕಳೆಯಿರಿ. ಹೇಗೂ ಅಷ್ಟೊತ್ತಿಗೆ ಬಟ್ಟೆ ಒಗೆಯುವ ದಿನವೂ ಬಂದಿರುತ್ತದೆ.

ನ್ಯೂ ಸೌತ್ ವೇಲ್ಸ್‌ನ ರಾಷ್ಟ್ರೀಯ ಉದ್ಯಾನಗಳಲ್ಲಿ ಬುಕಿಂಗ್ ಇಲ್ಲದೆ ಟೆಂಟು ಹಾಕುವಂತಿಲ್ಲ, ಗೇಟಿನಲ್ಲಿ ಯಾರೂ ಕೂತಿರದ ಪುಟ್ಟ ಜಾಗಕ್ಕೂ ಇದೇ ನಿಯಮ. ಹೋದ ಮೇಲೆ ಮಾಡೋಣ ಅಂದರೆ ಅಲ್ಲಿ ಸಿಗ್ನಲ್ ಇರುವುದಿಲ್ಲ. ಹಿಂದಿನ ಊರಿನಲ್ಲೇ ಮಾಡಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ವಿಕ್ಟೋರಿಯಾದ ಉದ್ಯಾನಗಳಿಗೆ ವಾಹನ ಪ್ರವೇಶ ಶುಲ್ಕವಿಲ್ಲ, ಜಾಗಕ್ಕೆ ಮಾತ್ರ ಬುಕಿಂಗ್.

ನೀವು ತಾರೀಖು ನೋಡಿದ ಹಾಗಿಲ್ಲ. ಮಾರ್ಚ್‌ನ ಎರಡನೇ ಸೋಮವಾರ ವಿಕ್ಟೋರಿಯಾದಲ್ಲಿ ಲೇಬರ್ ಡೇ, ಅದೇ ದಿನ ಕ್ಯಾನ್‌ಬೆರಾದಲ್ಲಿ ಕ್ಯಾನ್‌ಬೆರಾ ಡೇ. ಶುಕ್ರವಾರ ಸಂಜೆಯಿಂದ ಮೆಲ್ಬರ್ನ್ ಜನ ಟೈಡಲ್ ರಿವರ್ ಮತ್ತು ಲೇಕ್ಸ್ ಎಂಟ್ರೆನ್ಸ್ ತುಂಬಿದರೆ, ಕ್ಯಾನ್‌ಬೆರಾ ಜನ ಬೇಟ್‌ಮನ್ಸ್ ಬೇಯಿಂದ ನರೂಮಾವರೆಗೆ ತುಂಬುತ್ತಾರೆ. ಆ ಮೂರು ರಾತ್ರಿ ಎಲ್ಲಿರುತ್ತೀರೋ ಅದನ್ನು ಮೊದಲು ಬುಕ್ ಮಾಡಿ, ಉಳಿದದ್ದು ಆಮೇಲೆ.

ಸಿಡ್ನಿ, ಮೆಲ್ಬರ್ನ್ ಎರಡರಲ್ಲೂ ಟೋಲ್ ರಸ್ತೆಗಳಲ್ಲಿ ನಗದು ಕಟ್ಟುವ ಗೂಡು ಇಲ್ಲ. ಕಾರಿನಲ್ಲಿ ಟ್ಯಾಗ್ ಇದೆಯೇ, ದಿನಕ್ಕೆ ಎಷ್ಟು ಸೇವಾ ಶುಲ್ಕ ಎಂದು ಕೀಲಿ ಪಡೆಯುವಾಗಲೇ ಕೇಳಿ. ಪೆಟ್ರೋಲನ್ನು ಈಡನ್‌ನಲ್ಲಿ ಫುಲ್ ಮಾಡಿಸಿ, ಆಮೇಲೆ ಕ್ಯಾನ್ ರಿವರ್, ಆರ್ಬಾಸ್ಟ್. ಪ್ರಾಮಂಟರಿಗೆ ಹೋಗುವ ಮೊದಲು ಫಾಸ್ಟರ್‌ನಲ್ಲಿ ತುಂಬಿಸಿ, ಅಲ್ಲಿಂದ ಟೈಡಲ್ ರಿವರ್ ಸುಮಾರು 60 ಕಿ.ಮೀ., ಹೋಗಿ ಬರಲು ಅಷ್ಟೇ ಎರಡು ಪಟ್ಟು.

ಕಡಲದಾರಿ:
ತುಂಬಾ ಉಪಕಾರವಾಯಿತು. ಗ್ರೇಟ್ ಓಷನ್ ರೋಡ್ ಬಿಟ್ಟೆವು. ಮಿಸ್ಟರಿ ಬೇ, ಕಾನ್ರನ್ ಕಡೆ ಗಾಳಿ ಜೋರು ಅಂತ ಓದಿದೆ. ನಮ್ಮ ಟೆಂಟಿನ ಜೊತೆ ಬಂದಿರುವುದು ಬೆರಳಿನ ದಪ್ಪವೂ ಇಲ್ಲದ ಗೂಟಗಳು. ಮರಳಿನಲ್ಲಿ ನಿಲ್ಲುತ್ತವೆಯೇ? ಫ್ರಿಜ್ ವಿಷಯ ಯಾರೂ ಹೇಳಲಿಲ್ಲ.

ಗುಡಾರದ_ಗೂಟ:
ನಿಲ್ಲುವುದಿಲ್ಲ. ಜೊತೆಗೆ ಬರುವ 17-18 ಸೆಂ.ಮೀ. ತಂತಿ ಗೂಟ ಹುಲ್ಲುನೆಲಕ್ಕೆ ಮಾಡಿದ್ದು. ಮರಳಿಗೆ 30 ಸೆಂ.ಮೀ.ಗಿಂತ ಉದ್ದದ, ಅಗಲವಾದ ಪಟ್ಟಿಯಂಥ ಮರಳು ಗೂಟ ಬೇಕು, ನಾಲ್ಕು ಮೂಲೆಗೆ ನಾಲ್ಕು, ಹಗ್ಗಕ್ಕೆ ನಾಲ್ಕು. ಕ್ಯಾಂಪಿಂಗ್ ಅಂಗಡಿಯಲ್ಲೂ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತವೆ. ಗಟ್ಟಿ ಜಲ್ಲಿ ನೆಲಕ್ಕೆ ನಾಲ್ಕು ಉಕ್ಕಿನ ಗೂಟ, ಒಂದು ರಬ್ಬರ್ ಸುತ್ತಿಗೆ. ಕಲ್ಲಿನಲ್ಲಿ ಬಡಿದರೆ ಗೂಟದ ತಲೆ ಬಾಗಿ ಹಗ್ಗ ಜಾರುತ್ತದೆ.

ಮರಳು ಗೂಟವೂ ಸಡಿಲವಾದರೆ ಹೂತಿಡುವ ಉಪಾಯ ಮಾಡಿ. ಗಟ್ಟಿ ಬಟ್ಟೆ ಚೀಲಕ್ಕೆ ಮರಳು ತುಂಬಿ ಬಾಯಿ ಕಟ್ಟಿ, ಅದಕ್ಕೆ ಹಗ್ಗ ಬಿಗಿದು, 30-40 ಸೆಂ.ಮೀ. ಆಳದ ಗುಂಡಿಯಲ್ಲಿಟ್ಟು ಮುಚ್ಚಿ, ಮೇಲೆ ಕಾಲಿನಿಂದ ತುಳಿಯಿರಿ. ಹಗ್ಗ ಗುಂಡಿಯಿಂದ ಟೆಂಟಿನ ಕಡೆಗೆ ಓರೆಯಾಗಿ ಮೇಲೇಳಬೇಕು. ಅದಕ್ಕೆ ಮರಳಿನಲ್ಲಿ ಬೆರಳಷ್ಟು ಅಗಲದ ಗೀರು ಕೊರೆಯಿರಿ, ಇಲ್ಲದಿದ್ದರೆ ಎಳೆತ ನೇರ ಮೇಲಕ್ಕೆ ಬಂದು ಚೀಲ ಎದ್ದು ಬರುತ್ತದೆ. ಮರಳು ದಿಬ್ಬದ ಮೇಲೆ ಮಾತ್ರ ಎಲ್ಲೂ ಟೆಂಟು ಹಾಕಬೇಡಿ. ಗಿಡ ಸತ್ತರೆ ದಿಬ್ಬ ಕುಸಿಯುತ್ತದೆ, ದಂಡವೂ ಇದೆ.

ಇಲ್ಲಿ ಗಾಳಿ ಜೋರು ಅನ್ನುವುದಕ್ಕಿಂತ ಅದು ದಿಕ್ಕು ಬದಲಿಸುವ ರೀತಿಯೇ ತೊಂದರೆ. ಮಧ್ಯಾಹ್ನವಿಡೀ ಉತ್ತರದಿಂದಲೋ ವಾಯವ್ಯದಿಂದಲೋ ಒಣ ಬಿಸಿ ಗಾಳಿ. ನಂತರ ಕೆಲವು ನಿಮಿಷ ಎಲೆಯೂ ಅಲ್ಲಾಡುವುದಿಲ್ಲ. ಆ ಹೊತ್ತಿಗೆ ದಕ್ಷಿಣದ ಕಡೆ ಕಡಲ ಮೇಲೆ ಕಪ್ಪು ಗೆರೆ ಕಂಡರೆ ಹಗ್ಗ ಬಿಗಿಯಲು ಓಡಿ. ದಕ್ಷಿಣದ ಗಾಳಿ ಒಮ್ಮೆಲೇ ಹೊಡೆಯುತ್ತದೆ, ಒಂದು ಗಂಟೆಯೊಳಗೆ ತಾಪಮಾನ 10 ಡಿಗ್ರಿಗೂ ಹೆಚ್ಚು ಇಳಿಯಬಹುದು. ಸಿಡ್ನಿ ಕಡೆಯವರು ಇದನ್ನು ಸದರ್ಲಿ ಬಸ್ಟರ್ ಅನ್ನುತ್ತಾರೆ, ವಿಕ್ಟೋರಿಯಾದವರು ಕೂಲ್ ಚೇಂಜ್. ಹೊಸಬರು ಆಗ ಬೀಸುತ್ತಿರುವ ಉತ್ತರದ ಗಾಳಿಗೆ ಬೆನ್ನು ಮಾಡಿ ಟೆಂಟು ಹಾಕಿರುತ್ತಾರೆ, ರಾತ್ರಿ ಬಾಗಿಲಿಗೇ ಹೊಡೆತ. ಬಿಸಿಲು ಎಷ್ಟೇ ಇರಲಿ, ತಗ್ಗಾದ ಕಿರಿದು ತುದಿ ನೈರುತ್ಯಕ್ಕೆ, ಬಾಗಿಲು ಈಶಾನ್ಯಕ್ಕೆ. ಗಾಳಿ ತಿರುಗುವ ಹೊತ್ತನ್ನು ಹವಾಮಾನ ಇಲಾಖೆ ಮುಂಚೆಯೇ ಹೇಳಿರುತ್ತದೆ, ಬೆಳಿಗ್ಗೆ ಒಮ್ಮೆ ನೋಡಿದರೆ ಸಾಕು.

ಮರದ ನೆರಳು ಹುಡುಕಿ ದೊಡ್ಡ ನೀಲಗಿರಿ ಜಾತಿಯ ಮರದ ಕೊಂಬೆಯಡಿ ಹಾಕಬೇಡಿ. ಗಾಳಿಯಿಲ್ಲದ ದಿನವೂ ಆ ಮರಗಳು ತೊಡೆಗಾತ್ರದ ಕೊಂಬೆ ಉದುರಿಸುತ್ತವೆ. ಮಿಸ್ಟರಿ ಬೇಯಲ್ಲಿ ಇಡೀ ಜಾಗವೇ ಅಂಥ ಮರಗಳ ಕೆಳಗಿದೆ. ಒಣ ಕೊಂಬೆ ಮೇಲಿಲ್ಲದ, ಕೆಳಗೆ ಹಳೆಯ ಕೊಂಬೆ ಬಿದ್ದಿರದ ಸ್ಥಳ ಆರಿಸಿ.

ಮಲಗುವ ಚೀಲದ ಮೇಲೆ ಎರಡು ಅಂಕಿ ಇರುತ್ತವೆ, ಕಂಫರ್ಟ್ ಮತ್ತು ಲಿಮಿಟ್. ಕೊಳ್ಳುವಾಗ ಕಂಫರ್ಟ್ ನೋಡಿ, 5 ಡಿಗ್ರಿ ಸಾಕು. ಲಿಮಿಟ್ ಅಂದರೆ ಮುದುಡಿಕೊಂಡು ಹೇಗೋ ರಾತ್ರಿ ಕಳೆಯುವ ಮಟ್ಟ.

ಇನ್ನು ಫ್ರಿಜ್. ಬೇಡ. ಸಣ್ಣ ಕಾರಿನಲ್ಲಿ ಇರುವುದು ಸ್ಟಾರ್ಟರ್ ಬ್ಯಾಟರಿ, 40-45 ಆಂಪಿಯರ್-ಅವರ್. ಕಂಪ್ರೆಸರ್ ಫ್ರಿಜ್ ಸರಾಸರಿ ಒಂದೂವರೆ ಆಂಪಿಯರ್ ಎಳೆದರೂ 12 ಗಂಟೆಗೆ 18 ಹೋಯಿತು. ಎರಡನೇ ಬೆಳಿಗ್ಗೆಯೂ ಕಾರು ಅಲ್ಲೇ ನಿಂತಿದ್ದರೆ ಸ್ಟಾರ್ಟ್ ಆಗದು. ಬಹಳ ಕಾರುಗಳಲ್ಲಿ ಕೀಲಿ ತೆಗೆದೊಡನೆ 12 ವೋಲ್ಟ್ ಸಾಕೆಟ್ಟೇ ಸಾಯುತ್ತದೆ, ಆಗ ಫ್ರಿಜ್ ರಾತ್ರಿಯಿಡೀ ಬರೀ ಪೆಟ್ಟಿಗೆ.

25-30 ಲೀಟರ್ ಐಸ್ ಬಾಕ್ಸ್ ತಗೊಳ್ಳಿ, ಅಂಗಡಿಯಲ್ಲಿ ಎಸ್ಕಿ ಅಂದರೆ ತೋರಿಸುತ್ತಾರೆ. ಪೆಟ್ರೋಲ್ ಬಂಕುಗಳಲ್ಲಿ ಸಿಗುವ 5 ಕೆ.ಜಿ. ಚೀಲದ ಪುಡಿ ಐಸು ಬೇಗ ಕರಗುತ್ತದೆ, ಗಡ್ಡೆ ಐಸು ಸಿಕ್ಕರೆ ಅದನ್ನೇ ಕೊಳ್ಳಿ. ಹೊರಡುವ ಹಿಂದಿನ ರಾತ್ರಿ ಎರಡು ಲೀಟರ್ ನೀರಿನ ಬಾಟಲಿಗಳನ್ನು ಗಟ್ಟಿ ಹೆಪ್ಪುಗಟ್ಟಿಸಿ ತಳಕ್ಕಿಡಿ, ಕರಗಿದರೆ ಕುಡಿಯುವ ನೀರಾಯಿತು. ಕರಗಿದ ನೀರನ್ನು ಐಸು ಇರುವವರೆಗೆ ಚೆಲ್ಲಬೇಡಿ. ಆ ನೀರೂ ಸೊನ್ನೆ ಡಿಗ್ರಿ ಹತ್ತಿರ ಇರುತ್ತದೆ, ಚೆಲ್ಲಿದರೆ ಆ ಜಾಗಕ್ಕೆ ಬಿಸಿ ಗಾಳಿ ತುಂಬುತ್ತದೆ. ತಿಂಡಿ ಮಾತ್ರ ಬಿಗಿ ಮುಚ್ಚಳದ ಡಬ್ಬಿಯಲ್ಲಿರಲಿ. ಹೀಗೆ ಎರಡು ದಿನ ತಡೆಯುತ್ತದೆ, ಎರಡು ದಿನಕ್ಕೊಂದು ಊರು ಹೇಗೂ ಸಿಗುತ್ತದೆ.

ಒಲೆ: 220 ಗ್ರಾಂ ಬ್ಯೂಟೇನ್ ಡಬ್ಬಿ ಪೂರ್ತಿ ಉರಿಯಲ್ಲಿ ಒಂದೂಕಾಲರಿಂದ ಒಂದೂವರೆ ಗಂಟೆ. ಇಬ್ಬರಿಗೆ ಬೆಳಿಗ್ಗೆ ಕಾಫಿ, ರಾತ್ರಿ ಅನ್ನ ಸಾರು ಅಂದರೆ ಎರಡು ದಿನಕ್ಕೊಂದು ಡಬ್ಬಿ, ಒಟ್ಟು ಆರು. ಒಲೆಗಿಂತ ಅಗಲವಾದ ತವಾ ಇಟ್ಟರೆ ಶಾಖ ಪಕ್ಕದ ಡಬ್ಬಿ ಗೂಡಿಗೆ ತಾಗುತ್ತದೆ, ಅದು ಅಪಾಯ. ಗಾಳಿಗೆ ತಗಡು ಅಡ್ಡ ಇಡುವುದಾದರೆ ಡಬ್ಬಿಯ ಬದಿ ತೆರೆದಿರಲಿ. ಮಳೆ ಬಂತೆಂದು ಟೆಂಟಿನೊಳಗೆ ಹಚ್ಚಲೇಬೇಡಿ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ.

ಬಾಸ್_ಗಾಳಿ:
ಹೆದರಬೇಕಾದ ಕ್ರಮ ಹೀಗೆ: ಮುಸ್ಸಂಜೆಯ ರಸ್ತೆ, ಸಮುದ್ರದ ಸೆಳೆತ, ಬೆಂಕಿ, ಉಣ್ಣಿ. ಹಾವು ಕೊನೆಗೆ.

ಕಾಂಗರೂ, ವೊಂಬ್ಯಾಟ್ ಅನ್ನುವ ಬಿಲದ ಪ್ರಾಣಿ ನಸುಕಿನಲ್ಲೂ ಮುಸ್ಸಂಜೆಯಲ್ಲೂ ರಸ್ತೆಗೆ ಬರುತ್ತವೆ. ವೊಂಬ್ಯಾಟ್ 25-30 ಕೆ.ಜಿ. ತೂಗುವ ಗಟ್ಟಿ ಗುಂಡು, ಸಣ್ಣ ಕಾರಿನ ಮುಂಭಾಗ ಹೋಯಿತೆಂದೇ ಲೆಕ್ಕ. ಅಡ್ಡ ಬಂದರೆ ನೇರವಾಗಿ ಬ್ರೇಕ್ ಹಾಕಿ, ಸ್ಟೀರಿಂಗ್ ಎಳೆಯಬೇಡಿ. ಮಾರ್ಚ್ ಆರಂಭದಲ್ಲಿ ಸೂರ್ಯ ಮುಳುಗುವುದು ಏಳೂವರೆಯ ಆಸುಪಾಸು. ಐದಕ್ಕೆ ಕ್ಯಾಂಪ್ ತಲುಪುವ ಹಾಗೆ ಹೊರಡಿ. ಕ್ಯಾನ್ ರಿವರ್ ಆಚೀಚೆ ದೊಡ್ಡ ಲಾರಿಗಳು ಬೆನ್ನಿಗೆ ಬೀಳುತ್ತವೆ, ಅಂಥವಕ್ಕೆ ಪಕ್ಕಕ್ಕೆ ಸರಿದು ದಾರಿ ಕೊಡಿ.

ಈಜುವುದು ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ. ಅಲೆ ಒಡೆಯದೆ ನೀರು ಗಾಢವಾಗಿ ಶಾಂತವಾಗಿ ಕಾಣುವ ಪಟ್ಟಿಯೇ ಸೆಳೆತ, ಹೊಸಬರು ಅದನ್ನೇ ಸುರಕ್ಷಿತ ಅಂದುಕೊಂಡು ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆ ಹೋರಾಡಬೇಡಿ, ತೇಲುತ್ತಾ ಕೈ ಎತ್ತಿ. ಬಾವುಟವಿಲ್ಲದ ಕಡೆ ಕೊಲ್ಲಿಯೊಳಗಿನ ಶಾಂತ ನೀರು ಸಾಕು: ಗ್ರೀನ್ ಪ್ಯಾಚ್, ಮಲ್ಲಕೂಟಾದ ಹಿನ್ನೀರು. ನೀಲಿ ಗುಳ್ಳೆಯಂಥ ಬ್ಲೂಬಾಟಲ್ ಕಚ್ಚಿದರೆ ಎಳೆಗಳನ್ನು ತೆಗೆದು, ಸಮುದ್ರದ ನೀರಲ್ಲಿ ತೊಳೆದು, ತಾಳುವಷ್ಟು ಬಿಸಿ ನೀರಿನಲ್ಲಿ 20 ನಿಮಿಷ ಇಡಿ. ಅದಕ್ಕೆ ವಿನೆಗರ್ ಅಲ್ಲ.

ಬೆಂಕಿಯ ಋತು ಮಾರ್ಚ್‌ನಲ್ಲಿ ಮುಗಿದಿರುವುದಿಲ್ಲ. ಅಪಾಯದ ಮಟ್ಟ ನಾಲ್ಕು: ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕ್ಯಾಟಸ್ಟ್ರಾಫಿಕ್. ಕೊನೆಯದು ಘೋಷಣೆಯಾದರೆ ಕಾಡಿನೊಳಗೆ ಇರಲೇಬಾರದು, ಹಿಂದಿನ ಸಂಜೆಯೇ ದೊಡ್ಡ ಊರಿಗೆ ಸರಿಯಿರಿ. ಮಲ್ಲಕೂಟಾಗೆ ಟಾರು ರಸ್ತೆ ಒಂದೇ, ಜೆನೋವಾದಿಂದ 23 ಕಿ.ಮೀ. 2019ರ ಡಿಸೆಂಬರ್ 31ರಂದು ಬೆಂಕಿ ಬಂದಾಗ ಅದೂ ಮುಚ್ಚಿ ಸಾವಿರಾರು ಜನ ದಡದಲ್ಲೇ ಸಿಕ್ಕಿಕೊಂಡರು, ನೌಕಾಪಡೆಯ ಹಡಗು ಬಂದು ಕರೆದೊಯ್ಯಬೇಕಾಯಿತು. ಫೋನಿಗೆ ನ್ಯೂ ಸೌತ್ ವೇಲ್ಸ್‌ಗಾಗಿ ಹಜಾರ್ಡ್ಸ್ ನಿಯರ್ ಮಿ, ವಿಕ್ಟೋರಿಯಾಗಾಗಿ ವಿಕ್‌ಎಮರ್ಜೆನ್ಸಿ ಎರಡೂ ಆ್ಯಪ್ ಹಾಕಿಕೊಳ್ಳಿ, ಗಡಿ ದಾಟಿದ ಮೇಲೆ ಮೊದಲನೆಯದನ್ನೇ ನೋಡುತ್ತಾ ಕೂರಬೇಡಿ. ಸಿಗ್ನಲ್ ಇಲ್ಲದ ಕಡೆ ಎಬಿಸಿ ಸ್ಥಳೀಯ ರೇಡಿಯೋ. ಟೋಟಲ್ ಫೈರ್ ಬ್ಯಾನ್ ದಿನ ಸೌದೆ ಬೆಂಕಿ ಸಂಪೂರ್ಣ ನಿಷೇಧ, ನಿಮ್ಮ ಗ್ಯಾಸ್ ಒಲೆಗೂ ನಿರ್ಬಂಧವಿದೆ. ಆ ದಿನಕ್ಕೆಂದು ಒಲೆ ಬೇಡದ ಒಂದು ಹೊತ್ತಿನ ಊಟ ಯಾವಾಗಲೂ ಕಾರಿನಲ್ಲಿರಲಿ: ಬ್ರೆಡ್, ಡಬ್ಬಿ ಕಾಳು, ಮೊಸರು.

ಸಿಡ್ನಿಯಿಂದ ಲೇಕ್ಸ್ ಎಂಟ್ರೆನ್ಸ್ ಕಡೆವರೆಗೂ ಕರಾವಳಿ ಪೊದೆಗಳಲ್ಲಿ ಪಾರ್ಶ್ವವಾಯು ಉಣ್ಣಿ ಇದೆ. ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿ ನಡೆಯಿರಿ, ರಾತ್ರಿ ಕಿವಿಯ ಹಿಂದೆ, ಕೂದಲ ಬುಡ, ಕಂಕುಳು ಪರಸ್ಪರ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮ್ಮಟದಿಂದ ಹಿಂಡಿ ಎಳೆಯಬೇಡಿ, ಹಿಂಡಿದಷ್ಟೂ ವಿಷ ಒಳಗೆ ಹೋಗುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಈಥರ್ ಸ್ಪ್ರೇಯಿಂದ ಇದ್ದಲ್ಲೇ ಹೆಪ್ಪುಗಟ್ಟಿಸಿ ಸಾಯಿಸಿ, ತಾನಾಗಿ ಉದುರಲು ಬಿಡಿ.

ಹಾವಿಗೆ ಎರಡು ಅಗಲ ಕ್ರೇಪ್ ಬ್ಯಾಂಡೇಜ್ ಇರಲಿ. ಕಚ್ಚಿದ ಜಾಗ ತೊಳೆಯಬೇಡಿ, ಇಡೀ ಕೈ ಅಥವಾ ಕಾಲಿಗೆ ಬಿಗಿಯಾಗಿ ಸುತ್ತಿ, ಅಲ್ಲಾಡದಂತೆ ಕೋಲು ಕಟ್ಟಿ, ನಡೆಸದೆ ಕೂರಿಸಿ ತುರ್ತು ಸಂಖ್ಯೆ 000ಗೆ ಕರೆ ಮಾಡಿ. ಅಂದ ಹಾಗೆ 3ಜಿ ಅಲ್ಲಿ 2024ರಲ್ಲೇ ನಿಂತಿದೆ, ಫೋನಿನಲ್ಲಿ ವೋಲ್ಟಿ, ಅಂದರೆ 4ಜಿಯಲ್ಲೇ ಕರೆ ಮಾಡುವ ಸೌಲಭ್ಯ, ಇದೆಯೇ ನೋಡಿ. ಸಿಮ್‌ಗೆ ಟೆಲ್‌ಸ್ಟ್ರಾ ಜಾಲವೇ ಈ ದಾರಿಗೆ ಸರಿ.

ಊಟದ ಸಾಮಾನು ಟೆಂಟಿನಲ್ಲಿ ಇಡಲೇಬೇಡಿ. ಟೈಡಲ್ ರಿವರ್‌ನಲ್ಲಿ ವೊಂಬ್ಯಾಟ್‌ಗೆ ಜಿಪ್ಪು ಅಂದರೆ ಏನೂ ಅಲ್ಲ, ಬಟ್ಟೆ ಹರಿದೇ ಒಳಬರುತ್ತದೆ. ಎಲ್ಲ ಕಾರಿನೊಳಗೆ, ಕಿಟಕಿ ಮುಚ್ಚಿ. ಕುಡಿಯುವ ನೀರಿಗೆ 20 ಲೀಟರ್ ಕ್ಯಾನ್ ಒಂದು ಇರಲಿ, ಕೇಪ್ ಕಾನ್ರನ್‌ಗೆ ತುಂಬಿಸಿಕೊಂಡೇ ಹೋಗಿ.

ಕಡಲದಾರಿ:
ನೀಲಗಿರಿಯವರ ಪಟ್ಟಿಯನ್ನೇ ಇಟ್ಟುಕೊಂಡು ಬುಕ್ ಮಾಡುತ್ತಿದ್ದೇವೆ. ಪ್ರಾಮಂಟರಿಯಲ್ಲಿ ಇರುವ ಒಂದು ಪೂರ್ತಿ ದಿನಕ್ಕೆ ಏನು ಆರಿಸಲಿ?

ನೀಲಗಿರಿ_ನೆರಳು:
ಬೆಳಿಗ್ಗೆ ಮೌಂಟ್ ಓಬೆರಾನ್, ಎತ್ತರ 558 ಮೀ., ಹೋಗಿಬರಲು 6.8 ಕಿ.ಮೀ., ಎರಡು ಗಂಟೆ. ಕೊನೆಯ ಮೆಟ್ಟಿಲುಗಳ ಮೇಲೆ ಗಾಳಿ ವಿಪರೀತ, ಜಾಕೆಟ್ ಒಯ್ಯಿರಿ. ಮಧ್ಯಾಹ್ನ ಸ್ಕ್ವೀಕಿ ಬೀಚ್, ಒಣ ಮರಳಿನ ಮೇಲೆ ಕಾಲೆಳೆದು ನಡೆದರೆ ಕಿರ್‌ ಕಿರ್ ಅನ್ನುತ್ತದೆ. ಒದ್ದೆ ಮರಳು ಸದ್ದು ಮಾಡುವುದಿಲ್ಲ.

ಜಲ್ಲಿರಸ್ತೆ:
ಬುಕ್ ಮಾಡುವ ಮುನ್ನ ಒಂದು ತಿದ್ದುಪಡಿ. ಮಲ್ಲಕೂಟಾದಿಂದ ಕಾನ್ರನ್ ಸುಮಾರು 180 ಕಿ.ಮೀ., ಸರಿ. ಆದರೆ ಕಾನ್ರನ್‌ನಿಂದ ಟೈಡಲ್ ರಿವರ್ ಒಂದೇ ದಿನಕ್ಕೆ 380ರ ಹತ್ತಿರ, ಐದು ಗಂಟೆ ಬರೀ ಚಾಲನೆ. ಟೆಂಟು ಬಿಚ್ಚಿ ಹತ್ತಕ್ಕೆ ಹೊರಟು, ಲೇಕ್ಸ್ ಎಂಟ್ರೆನ್ಸ್‌ನಲ್ಲಿ ಊಟ ಮಾಡಿ, ಫಾಸ್ಟರ್‌ನಲ್ಲಿ ಸಾಮಾನು ಕೊಂಡರೆ ಕೊನೆಯ 60 ಕಿ.ಮೀ. ಬೀಳುವುದು ಸರಿಯಾಗಿ ವೊಂಬ್ಯಾಟ್ ಹೊತ್ತಿಗೆ. ಪ್ರೆಟಿ ಬೀಚ್‌ನ ಆ ಒಂದು ರಾತ್ರಿ ತೆಗೆಯಿರಿ, ಗ್ರೀನ್ ಪ್ಯಾಚ್‌ನಿಂದ ಮಿಸ್ಟರಿ ಬೇಗೆ ನೇರ ಹೋದರೂ ಮೂರೇ ಗಂಟೆ. ಉಳಿದ ರಾತ್ರಿಯನ್ನು ನೈಂಟಿ ಮೈಲ್ ಬೀಚ್‌ಗೆ ಹಾಕಿ. ಗೋಲ್ಡನ್ ಬೀಚ್ ಮತ್ತು ಸೀಸ್ಪ್ರೇ ನಡುವೆ ದಿಬ್ಬದ ಹಿಂದೆ ಉಚಿತ ಜಾಗಗಳಿವೆ, ಬುಕಿಂಗ್ ಇಲ್ಲ, ಮೊದಲು ಬಂದವರಿಗೆ. ವಾರದ ದಿನವಾದರೆ ಮೂರು ಗಂಟೆಯೊಳಗೆ ಹೋದರೆ ಸಿಗುತ್ತದೆ. ಲೇಬರ್ ಡೇ ವಾರಾಂತ್ಯಕ್ಕೆ ಬಂದರೆ ಮಾತ್ರ ಅದನ್ನು ನಂಬಬೇಡಿ, ಸೇಲ್ ಅನ್ನುವ ಊರಿನಲ್ಲಿ ಜಾಗ ಹಿಡಿದಿಡಿ. ಅಲ್ಲಿ ಕಡಲಿಗೆ ಇಳಿಯಬೇಡಿ, ಸೆಳೆತ ಜೋರು.